ಲಿನಕ್ಸ್ ಕಂಪ್ಯೂಟರಿನ ಧ್ವನಿ ಎಲ್ಲಿ ನಿಂತಿತು? ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಇನ್ನೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪುಗಳನ್ನು ಹಿಡಿದುಕೊಂಡು ಲಿನಕ್ಸ್ ಹಾಕಿಸಿಕೊಳ್ಳಲು ಶಿರಸಿಯಲ್ಲಿ ನನ್ನ ಬಳಿಗೆ ಬರುವವರು ಹೆಚ್ಚಾಗಿದ್ದಾರೆ. ಉಬುಂಟು, ಮಿಂಟ್, ಡೆಬಿಯನ್, ಯಾವುದನ್ನು ಹಾಕಿದರೂ ವಾರದೊಳಗೆ ಬರುವ ಮೊದಲ ಫೋನ್ ಕರೆ ಬಹಳ ಸಲ ಧ್ವನಿಯ ಬಗ್ಗೆಯೇ ಇರುತ್ತದೆ. ಒಂದೇ ಉತ್ತರವನ್ನು ಹುಲೇಕಲ್ಲಿನವರಿಗೂ ಕುಮಟೆಯವರಿಗೂ ಕಾರವಾರದವರಿಗೂ ಮತ್ತೆ ಮತ್ತೆ ಹೇಳಿದ್ದೇನೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಆದೇಶಗಳನ್ನು ಫೋನಿನಲ್ಲಿ ಹೇಳಿ ಬರೆಸುವಂತೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪು ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿ. ‘ಅಡ್ಡಗೆರೆ’ ಎಂದಲ್ಲಿ ಮೈನಸ್ ಚಿಹ್ನೆ, ‘ಡಾಟ್’ ಎಂದಲ್ಲಿ ಚುಕ್ಕೆ ಹಾಕಿ. ಟರ್ಮಿನಲ್ ತೆರೆಯಲು ಉಬುಂಟು, ಮಿಂಟ್ ಎರಡರಲ್ಲೂ ಕಂಟ್ರೋಲ್, ಆಲ್ಟ್, ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು.

ಧ್ವನಿಯೇ ಬರುತ್ತಿಲ್ಲ. ಮೊದಲು ಎಲ್ಲಿ ನೋಡಬೇಕು?

ನಮ್ಮ ಕಡೆಯ ಹಳೆಯ ತೋಟದ ಮನೆಗಳಿಗೆ ಗುಡ್ಡದ ಒರತೆಯ ನೀರು ಅಡಿಕೆ ಮರ ಸೀಳಿ ಮಾಡಿದ ದಬ್ಬೆಯ ಮೇಲೆ ಹರಿದು ಬರುತ್ತಿತ್ತು. ನೀರು ನಿಂತ ದಿನ ಯಾರೂ ಬಚ್ಚಲಿನ ಹಂಡೆ ಬದಲಾಯಿಸಲು ಹೋಗುತ್ತಿರಲಿಲ್ಲ. ದಬ್ಬೆಯ ಗುಂಟ ನಡೆದು, ಎಲ್ಲಿಯವರೆಗೆ ಒದ್ದೆ ಇದೆ, ಎಲ್ಲಿಂದ ಒಣಗಿದೆ ಎಂದು ನೋಡುತ್ತಿದ್ದರು. ಕಂಪ್ಯೂಟರಿನ ಧ್ವನಿಯನ್ನೂ ಹೀಗೆಯೇ ಹುಡುಕಬೇಕು. ಸಿಕ್ಕ ಸಿಕ್ಕ ಆದೇಶ ಟೈಪಿಸುವುದಕ್ಕಿಂತ, ಮತ್ತೆ ಹೊಸದಾಗಿ ಲಿನಕ್ಸ್ ಹಾಕುವುದಕ್ಕಿಂತ ಇದು ಬೇಗ ಮುಗಿಯುವ ಕೆಲಸ.

ದಾರಿ ಹೀಗಿದೆ. ಹಾಡು ನುಡಿಸುವ ತಂತ್ರಾಂಶ ತನ್ನ ಧ್ವನಿಯನ್ನು ಧ್ವನಿ ಸರ್ವರಿಗೆ ಕೊಡುತ್ತದೆ. ಸರ್ವರ್ ಎಲ್ಲ ತಂತ್ರಾಂಶಗಳ ಧ್ವನಿಯನ್ನು ಬೆರೆಸಿ ಕರ್ನೆಲ್ ಎಂಬ ಲಿನಕ್ಸಿನ ತಿರುಳಿನೊಳಗಿನ ಆಲ್ಸಾ ಡ್ರೈವರಿಗೆ ದಾಟಿಸುತ್ತದೆ. ಡ್ರೈವರ್ ಅದನ್ನು ಕೋಡೆಕ್ ಎಂಬ ಚಿಪ್ಪಿಗೆ ಕಳಿಸುತ್ತದೆ. ಅಂಕಿಗಳು ವಿದ್ಯುತ್ ಅಲೆಗಳಾಗುವುದು ಅಲ್ಲಿ. ಅಲ್ಲಿಂದ ಆಂಪ್ಲಿಫೈಯರ್, ಕೊನೆಗೆ ಸ್ಪೀಕರ್ ಅಥವಾ ಇಯರ್‌ಫೋನಿನ ಜ್ಯಾಕ್.

ಈ ದಾರಿಯನ್ನು ಕಣ್ಣಿಗೆ ಕಾಣಿಸುವ ಒಂದು ಉಪಕರಣವಿದೆ: ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್. ತಂತ್ರಾಂಶ ಪಟ್ಟಿಯಲ್ಲಿ ಅದರ ಹೆಸರು ‘ಪಾವುಕಂಟ್ರೋಲ್’: ಪಿ, ಎ, ವಿ, ಯು ಅಕ್ಷರಗಳಿಗೆ ಕಂಟ್ರೋಲ್ ಪದವನ್ನು ಅಂಟಿಸಿದ್ದು. ಪೈಪ್‌ವೈರ್ ಎಂಬ ಹೊಸ ಧ್ವನಿ ಸರ್ವರ್ ಇರುವ ಯಂತ್ರದಲ್ಲೂ ಕೆಲಸ ಮಾಡುತ್ತದೆ. ಒಂದು ಹಾಡು ಹಾಕಿ, ಅದನ್ನು ತೆರೆಯಿರಿ. ‘ಪ್ಲೇಬ್ಯಾಕ್’ ಪುಟದಲ್ಲಿ ಹಾಡಿನ ತಂತ್ರಾಂಶದ ಹೆಸರಿನ ಕೆಳಗೆ ಧ್ವನಿಯ ಮಟ್ಟ ತೋರಿಸುವ ಪಟ್ಟಿ ಕುಣಿಯುತ್ತಿದ್ದರೆ ತಂತ್ರಾಂಶದ ತಪ್ಪಿಲ್ಲ. ‘ಔಟ್‌ಪುಟ್ ಡಿವೈಸಸ್’ ಪುಟದಲ್ಲೂ ಕುಣಿಯುತ್ತಿದ್ದರೆ ಸರ್ವರಿನವರೆಗೆ ಒದ್ದೆ ಇದೆ, ತೊಂದರೆ ಅದರ ಮುಂದೆ. ಮೊದಲ ಪುಟದಲ್ಲೇ ಹೆಸರು ಕಾಣದಿದ್ದರೆ ಬ್ರೌಸರಿನ ಆ ಟ್ಯಾಬ್ ಮ್ಯೂಟ್ ಆಗಿದೆಯೇ, ವಿಡಿಯೋದ ಸ್ವಂತ ವಾಲ್ಯೂಮ್ ಸೊನ್ನೆಗೆ ಇಳಿದಿದೆಯೇ ನೋಡಿ. ಈ ಎರಡು ನಿಮಿಷದ ಪರೀಕ್ಷೆ ಮಾಡದೆ ಮುಂದಿನ ಯಾವ ಉತ್ತರಕ್ಕೂ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಆಲ್ಸಾ, ಪಲ್ಸ್‌ಆಡಿಯೋ, ಪೈಪ್‌ವೈರ್: ಇಷ್ಟೊಂದು ಹೆಸರುಗಳು ಯಾಕೆ? ನನ್ನಲ್ಲಿ ಯಾವುದಿದೆ?

ಆಲ್ಸಾ ಕೆಳಗಿನ ಪದರ. ಯಾರೋಸ್ಲಾವ್ ಕಿಸೆಲಾ ಎಂಬವರು ಗ್ರಾವಿಸ್ ಅಲ್ಟ್ರಾಸೌಂಡ್ ಎಂಬ ಕಾರ್ಡಿಗೆ ಬರೆಯುತ್ತಿದ್ದ ಡ್ರೈವರಿನಿಂದ 1998ರ ಹೊತ್ತಿಗೆ ಹುಟ್ಟಿದ ಯೋಜನೆ ಇದು. 2003ರ ಡಿಸೆಂಬರಿನಲ್ಲಿ ಬಂದ 2.6ನೇ ಕರ್ನೆಲ್‌ನಿಂದ ಲಿನಕ್ಸಿನ ಅಧಿಕೃತ ಧ್ವನಿ ವ್ಯವಸ್ಥೆಯಾಯಿತು, ಇಂದಿಗೂ ಅದೇ ಇದೆ. ಅದರ ಮೇಲೆ ಕೂರುವ ಸರ್ವರ್ ಮಾತ್ರ ಬದಲಾಗಿದೆ. ಲೆನಾರ್ಟ್ ಪೊಯೆಟ್ಟರಿಂಗ್ 2004ರಲ್ಲಿ ಶುರು ಮಾಡಿದ ಪಲ್ಸ್‌ಆಡಿಯೋ 2008ರ ಉಬುಂಟು 8.04ರಲ್ಲಿ ಒಳಬಂತು. ಆಮೇಲೆ ವಿಮ್ ಟೇಮನ್ಸ್ ಕಟ್ಟಿದ ಪೈಪ್‌ವೈರ್ 2021ರ ಫೆಡೋರಾ 34ರಲ್ಲಿ, ನಂತರ ಉಬುಂಟು 22.10ರಲ್ಲಿ, 2024ರ ಮಿಂಟ್ 22ರಲ್ಲಿ ಅದರ ಜಾಗ ಹಿಡಿಯಿತು.

ಈ ಇಸವಿಗಳನ್ನು ಹೇಳುವುದಕ್ಕೆ ಕಾರಣವಿದೆ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಎಷ್ಟೋ ಪರಿಹಾರಗಳು 2009, 2012ರ ಕಾಲದವು. ‘ಪಲ್ಸ್‌ಆಡಿಯೋವನ್ನು ಕಿತ್ತುಹಾಕಿ’ ಎನ್ನುವ ಸಲಹೆಯನ್ನು ಇಂದಿನ ಯಂತ್ರದಲ್ಲಿ ಪಾಲಿಸಿದರೆ ಡೆಸ್ಕ್‌ಟಾಪಿನ ಅರ್ಧ ಭಾಗವೇ ಅದರ ಜೊತೆ ಕಿತ್ತುಬರಬಹುದು. ಯಾವುದೇ ಸಲಹೆಯ ದಿನಾಂಕ ನೋಡಿ. ನಿಮ್ಮಲ್ಲಿ ಯಾವುದಿದೆ ಎಂದು ತಿಳಿಯಲು ‘ಪ್ಯಾಕ್ಟಿಎಲ್ ಇನ್ಫೋ’ ಎಂದು ಟೈಪಿಸಿ. ಪಿ, ಎ, ಸಿ, ಟಿ, ಎಲ್, ಒಂದು ಖಾಲಿ ಜಾಗ, ಇನ್ಫೋ. ಸರ್ವರಿನ ಹೆಸರಿನ ಸಾಲಿನಲ್ಲಿ ‘ಆನ್ ಪೈಪ್‌ವೈರ್’ ಎಂದಿದ್ದರೆ ಪೈಪ್‌ವೈರ್. ಬರೀ ‘ಪಲ್ಸ್‌ಆಡಿಯೋ’ ಎಂದಿದ್ದರೆ ಹಳೆಯದು.

ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಎಂದು ಮಾತ್ರ ತೋರಿಸುತ್ತದೆ. ಧ್ವನಿ ಕಾರ್ಡ್ ಹಾಳಾಗಿದೆಯೇ?

ಹಾಳಾಗಿರುವುದು ತೀರಾ ಅಪರೂಪ. ಸರ್ವರಿಗೆ ಒಂದೂ ಕಾರ್ಡ್ ಸಿಗಲಿಲ್ಲ ಎನ್ನುವುದಷ್ಟೇ ಇದರ ಅರ್ಥ. ಯಾಕೆ ಸಿಗಲಿಲ್ಲ ಎನ್ನುವುದನ್ನು ಕೆಳಗಿನ ಪದರದಲ್ಲಿ ನೋಡಬೇಕು.

‘ಎಪ್ಲೇ’, ಖಾಲಿ ಜಾಗ, ಅಡ್ಡಗೆರೆ, ಎಲ್ ಎಂದು ಟೈಪಿಸಿ. ಇಲ್ಲಿ ಎಪ್ಲೇ ಎಂದರೆ ಎ ಅಕ್ಷರಕ್ಕೆ ಪ್ಲೇ ಪದವನ್ನು ಅಂಟಿಸಿದ್ದು. ಕಾರ್ಡಿನ ಹೆಸರು ಬಂದರೆ ಡ್ರೈವರ್ ಸರಿಯಾಗಿದೆ, ಸರ್ವರ್ ಮಾತ್ರ ಮುಗ್ಗರಿಸಿದೆ. ಆಗ ‘ಸಿಸ್ಟಮ್‌ಸಿಟಿಎಲ್’, ಎರಡು ಅಡ್ಡಗೆರೆ ಸೇರಿಸಿ ‘ಯೂಸರ್’, ನಂತರ ‘ರಿಸ್ಟಾರ್ಟ್ ವೈರ್‌ಪ್ಲಂಬರ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್’ ಎಂದು ಕೊಡಿ. ಇದಕ್ಕೆ ಆಡಳಿತಗಾರನ ಅಧಿಕಾರ ಕೊಡುವ ‘ಸುಡೋ’ ಪದ ಬೇಡ, ಹಾಕಲೂಬಾರದು. ಧ್ವನಿ ಸರ್ವರ್ ಓಡುವುದು ನಿಮ್ಮ ಹೆಸರಿನಲ್ಲಿ, ಆಡಳಿತಗಾರನ ಹೆಸರಿನಲ್ಲಿ ಅಲ್ಲ. ಆದರೂ ಬರದಿದ್ದರೆ, ಪೈಪ್‌ವೈರಿಗೆ ದಾರಿ ಜೋಡಿಸಿಕೊಡುವ ವೈರ್‌ಪ್ಲಂಬರ್ ನೆನಪಿಟ್ಟುಕೊಂಡ ಹಳೆಯ ಆಯ್ಕೆಗಳನ್ನು ಅಳಿಸಬಹುದು. ಮನೆ ಫೋಲ್ಡರಿನಲ್ಲಿ ಅಡಗಿರುವ ‘ಡಾಟ್ ಲೋಕಲ್’, ಅದರೊಳಗೆ ‘ಸ್ಟೇಟ್’, ಅದರೊಳಗೆ ‘ವೈರ್‌ಪ್ಲಂಬರ್’ ಎಂಬ ಫೋಲ್ಡರಿನ ಹೆಸರನ್ನು ಬದಲಾಯಿಸಿ ಮತ್ತೆ ಲಾಗಿನ್ ಆಗಿ. ಹೊಸದು ತಾನಾಗಿ ಹುಟ್ಟುತ್ತದೆ.

ಎಪ್ಲೇ ಆದೇಶಕ್ಕೆ ಕಾರ್ಡ್ ಇಲ್ಲವೆಂದು ಉತ್ತರ ಬಂದರೆ ಕರ್ನೆಲ್ ಏನು ಹೇಳುತ್ತದೆ ಎಂದು ಕೇಳಬೇಕು. ‘ಸುಡೋ ಡಿಮೆಸೇಜ್’ ಕೊಟ್ಟು, ಬರುವ ಸಾಲುಗಳಲ್ಲಿ ‘ಎಸ್‌ಎನ್‌ಡಿ’ ಮತ್ತು ‘ಎಸ್‌ಒಎಫ್’ ಇರುವುದನ್ನು ಹುಡುಕಿ. ಆ ಆದೇಶದ ಅಕ್ಷರಗಳು ಡಿ, ಎಂ, ಇ, ಎಸ್, ಜಿ. ಇಂಟೆಲ್ ಚಿಪ್ಪಿನ 2019-20ರಿಂದ ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಧ್ವನಿಗೆಂದೇ ಒಂದು ಪುಟ್ಟ ಸಂಸ್ಕಾರಕವಿದೆ. ಅದಕ್ಕೆ ಸೌಂಡ್ ಓಪನ್ ಫರ್ಮ್‌ವೇರ್ ಎಂಬ ಕಡತ ಸಿಗದಿದ್ದರೆ ಕಾರ್ಡ್ ಕಾಣಿಸುವುದೇ ಇಲ್ಲ. ಡೆಬಿಯನ್ನಿನಲ್ಲಿ ‘ಫರ್ಮ್‌ವೇರ್-ಸಾಫ್-ಸೈನ್ಡ್’, ಫೆಡೋರಾದಲ್ಲಿ ‘ಆಲ್ಸಾ-ಸಾಫ್-ಫರ್ಮ್‌ವೇರ್’ ಎನ್ನುವ ಪ್ಯಾಕೇಜ್ ಹಾಕಿ ಯಂತ್ರ ಮರುಪ್ರಾರಂಭಿಸಿ. ಇಲ್ಲಿ ‘ಸಾಫ್’ ಎಂಬುದನ್ನು ಎಸ್, ಒ, ಎಫ್ ಎಂದೇ ಬರೆಯಬೇಕು. ಹಳೆಯ ಡೆಬಿಯನ್ ಡಿಸ್ಕಿನಿಂದ ಹಾಕಿದವರಿಗೆ ಈ ತೊಂದರೆ ಹೆಚ್ಚು, ಏಕೆಂದರೆ ಇಂಥ ಫರ್ಮ್‌ವೇರ್ ಸಾಮಾನ್ಯ ಅನುಸ್ಥಾಪನಾ ಡಿಸ್ಕಿನೊಳಗೇ ಸೇರಿಕೊಂಡದ್ದು 2023ರ ಡೆಬಿಯನ್ 12ರಿಂದ. ಸ್ನೇಹಿತರಿಂದ ಸ್ನೇಹಿತರಿಗೆ ದಾಟಿಬಂದ ಪೆನ್‌ಡ್ರೈವ್ ಬಳಸುವವರು ಅದರಲ್ಲಿ ಯಾವ ಆವೃತ್ತಿ ಇದೆ ಎಂದು ಒಮ್ಮೆ ನೋಡಿಕೊಳ್ಳಿ.

ಕಾರ್ಡ್ ಇದೆ, ಪಟ್ಟಿ ಕುಣಿಯುತ್ತದೆ, ಆದರೂ ಸ್ಪೀಕರ್ ಮೌನ. ಇಯರ್‌ಫೋನ್ ಹಾಕಿದರೆ ಮಾತ್ರ ಕೇಳುತ್ತದೆ.

ಕರಾವಳಿಯಿಂದ ಬರುವ ಕರೆಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಕಾರವಾರದ ಕೋಡಿಬಾಗ, ಅಂಕೋಲೆಯ ಬೇಲೇಕೇರಿ, ಹೊನ್ನಾವರದ ಶರಾವತಿ ಅಳಿವೆಯ ಹತ್ತಿರದ ಮನೆಗಳಲ್ಲಿ ಇಟ್ಟ ಯಂತ್ರಗಳನ್ನು ತೆರೆದು ನೋಡಿದ್ದೇನೆ. ಇಯರ್‌ಫೋನ್ ಜ್ಯಾಕಿನ ಒಳಗಿನ ತಗಡುಗಳ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಉಪ್ಪಿನ ಸೂಕ್ಷ್ಮ ಕಣಗಳು ಒಳಗೆ ಕೂತು, ಗಾಳಿಯ ತೇವವನ್ನು ಎಳೆದುಕೊಂಡು ಲೋಹವನ್ನು ತಿನ್ನುತ್ತವೆ.

ಜ್ಯಾಕಿನೊಳಗೆ ಒಂದು ಸಣ್ಣ ಸ್ವಿಚ್ ಇದೆ. ಪಿನ್ ಒಳಗೆ ಬಂದಿತೇ ಇಲ್ಲವೇ ಎನ್ನುವುದನ್ನು ಕೋಡೆಕ್ ಚಿಪ್ಪು ತಿಳಿಯುವುದು ಅದರಿಂದ. ಕಿಲುಬು ಆ ಸ್ವಿಚ್ಚನ್ನು ಅಂಟಿಸಿಬಿಟ್ಟರೆ, ಇಯರ್‌ಫೋನ್ ತೆಗೆದು ತಿಂಗಳಾದರೂ ಯಂತ್ರ ಅದು ಒಳಗೇ ಇದೆ ಎಂದು ನಂಬಿಕೊಂಡು ಸ್ಪೀಕರನ್ನು ಮುಚ್ಚಿಡುತ್ತದೆ. ಹೀಗಾಗಿದೆಯೇ ಎಂದು ತಿಳಿಯುವುದು ಸುಲಭ: ಜ್ಯಾಕ್ ಖಾಲಿ ಇರುವಾಗ ಸೆಟ್ಟಿಂಗ್ಸ್‌ನಲ್ಲಿ ‘ಹೆಡ್‌ಫೋನ್ಸ್’ ಎಂದು ತೋರಿಸುತ್ತಿದ್ದರೆ ಹಾಗೇ ಆಗಿದೆ.

ಮೊದಲು ಯಂತ್ರ ಆರಿಸಿ, ಒಂದು ಒಳ್ಳೆಯ ಪಿನ್ನನ್ನು ಹತ್ತು ಹದಿನೈದು ಸಲ ನಿಧಾನವಾಗಿ ಹಾಕಿ ತೆಗೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಕಿಲುಬು ಉಜ್ಜಿಹೋಗುತ್ತದೆ. ಆಗದಿದ್ದರೆ ಪಿನ್ನಿಗೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ತುಸುವೇ ಸವರಿ ಅದೇ ರೀತಿ ಮಾಡಿ. ಔಷಧ ಅಂಗಡಿಯಲ್ಲಿ ಸಿಗುವ ಕೈ ತೊಳೆಯುವ ಸ್ಯಾನಿಟೈಸರ್ ಬೇಡ. ಅದರಲ್ಲಿ ನೀರು, ಗ್ಲಿಸರಿನ್ ಸೇರಿರುತ್ತದೆ. ಪೂರ್ತಿ ಒಣಗಿದ ಮೇಲೆಯೇ ಯಂತ್ರ ಹಚ್ಚಿ.

ಜ್ಯಾಕ್ ದುರಸ್ತಿಗೆ ನಿಲುಕದಷ್ಟು ಕೆಟ್ಟಿದ್ದರೆ ತಂತ್ರಾಂಶದಿಂದ ದಾರಿ ಬಿಡಿಸಬಹುದು. ಟರ್ಮಿನಲ್‌ನಲ್ಲಿ ‘ಆಲ್ಸಾಮಿಕ್ಸರ್’ ಎಂದು ಕೊಡಿ. ಎಫ್6 ಒತ್ತಿ ನಿಮ್ಮ ನಿಜವಾದ ಕಾರ್ಡನ್ನು ಆರಿಸಿ. ಮೊದಲು ತೆರೆದುಕೊಳ್ಳುವುದು ಸರ್ವರಿನ ಒಂದೇ ಪಟ್ಟಿ, ಅದನ್ನು ನೋಡಿ ಮೋಸ ಹೋಗಬೇಡಿ. ಬಲಬಾಣದಿಂದ ಕೊನೆಯವರೆಗೆ ಸರಿದರೆ ‘ಆಟೊ-ಮ್ಯೂಟ್ ಮೋಡ್’ ಸಿಗುತ್ತದೆ. ಅದನ್ನು ‘ಡಿಸೇಬಲ್ಡ್’ ಮಾಡಿ. ಇದೇ ಪರದೆಯಲ್ಲಿ ‘ಮಾಸ್ಟರ್’, ‘ಸ್ಪೀಕರ್’ ಪಟ್ಟಿಗಳ ಕೆಳಗೆ ಎರಡು ಎಂ ಅಕ್ಷರಗಳು ಕಂಡರೆ ಅದು ಮ್ಯೂಟ್ ಆಗಿದೆ ಎಂದರ್ಥ. ಎಂ ಕೀಲಿ ಒತ್ತಿದರೆ ಅವು ಎರಡು ಸೊನ್ನೆಗಳಾಗಿ ಬದಲಾಗುತ್ತವೆ. ಹೊರಬಂದು ‘ಸುಡೋ ಆಲ್ಸಾಸಿಟಿಎಲ್ ಸ್ಟೋರ್’ ಕೊಟ್ಟರೆ ಆಯ್ಕೆ ಉಳಿಯುತ್ತದೆ. ಪಾವುಕಂಟ್ರೋಲ್‌ನ ‘ಔಟ್‌ಪುಟ್ ಡಿವೈಸಸ್’ ಪುಟದಲ್ಲಿ ಪೋರ್ಟ್ ಎನ್ನುವಲ್ಲಿ ‘ಸ್ಪೀಕರ್ಸ್’ ಆರಿಸುವುದನ್ನೂ ಮರೆಯಬೇಡಿ.

ಒಬ್ಬ ವಿದ್ಯಾರ್ಥಿನಿಗೆ ಅಂಗಡಿಯೊಂದರಲ್ಲಿ ಮದರ್‌ಬೋರ್ಡ್ ಬದಲಾಯಿಸಬೇಕು ಎಂದಿದ್ದರಂತೆ. ಆಕೆಯ ಯಂತ್ರದಲ್ಲಿ ಇದ್ದದ್ದು ಈ ಎರಡು ಎಂ ಅಕ್ಷರಗಳು. ದುಡ್ಡು ಕೊಡುವ ಮೊದಲು ದಯವಿಟ್ಟು ಈ ಪರದೆಯನ್ನು ಒಮ್ಮೆ ನೋಡಿ.

ಶಾಲೆಯ ಪ್ರೊಜೆಕ್ಟರಿಗೆ ಜೋಡಿಸಿದ ಕೂಡಲೇ ಲ್ಯಾಪ್‌ಟಾಪಿನ ಧ್ವನಿ ಮಾಯವಾಗುತ್ತದೆ.

ಎಚ್‌ಡಿಎಂಐ ತಂತಿಯಲ್ಲಿ ಚಿತ್ರದ ಜೊತೆ ಧ್ವನಿಯೂ ಹೋಗುತ್ತದೆ. ತಂತಿ ಸಿಕ್ಕಿದ ಕೂಡಲೇ ಯಂತ್ರ ಧ್ವನಿಯನ್ನೂ ಆ ಕಡೆ ತಿರುಗಿಸಿರುತ್ತದೆ. ಪ್ರೊಜೆಕ್ಟರಿಗೆ ಸ್ಪೀಕರೇ ಇಲ್ಲದಿದ್ದರೆ, ಇದ್ದರೂ ಕ್ಷೀಣವಾಗಿದ್ದರೆ, ಮಕ್ಕಳಿಗೆ ಏನೂ ಕೇಳುವುದಿಲ್ಲ. ಸೆಟ್ಟಿಂಗ್ಸ್‌ನ ಧ್ವನಿ ಪುಟದಲ್ಲಿ ಔಟ್‌ಪುಟ್ ಸಾಧನವನ್ನು ಮತ್ತೆ ಲ್ಯಾಪ್‌ಟಾಪಿನ ಸ್ಪೀಕರ್ ಅಥವಾ ಹೆಡ್‌ಫೋನಿಗೆ ತಿರುಗಿಸಿ. ನೀಲಿ ಬಣ್ಣದ ವಿಜಿಎ ತಂತಿಯಲ್ಲಿ ಧ್ವನಿ ಹೋಗುವುದೇ ಇಲ್ಲ.

ಹಾಡಿನ ನಡುವೆ ಚಟಪಟ ಸದ್ದು ಬರುತ್ತದೆ.

ಎರಡು ಬೇರೆ ಕಾಯಿಲೆಗಳಿಗೆ ಜನ ಈ ಒಂದೇ ಹೆಸರು ಹೇಳುತ್ತಾರೆ.

ಹಾಡು ಶುರುವಾಗುವಾಗ, ನಿಂತಾಗ ಮಾತ್ರ ‘ಟಪ್’ ಎಂದರೆ ಅದು ವಿದ್ಯುತ್ ಉಳಿತಾಯದ ಸದ್ದು. ಚಿಪ್ಪು ನಿದ್ದೆಗೆ ಹೋಗಿ ಏಳುತ್ತಿದೆ. ಹೊಸ ಸಾಲಿನ ಮೊದಲ ಅಕ್ಷರ ನುಂಗಿಹೋಗುವುದೂ ಇದರಿಂದಲೇ. ‘ಇಟಿಸಿ’ ಒಳಗಿನ ‘ಮಾಡ್‌ಪ್ರೋಬ್ ಡಾಟ್ ಡಿ’ ಫೋಲ್ಡರಿನಲ್ಲಿ ಕೊನೆಗೆ ‘ಡಾಟ್ ಕಾನ್ಫ್’ ಬರುವ ಒಂದು ಕಡತ ಮಾಡಿ, ಅದರಲ್ಲಿ ‘ಆಪ್ಷನ್ಸ್ ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್ ಪವರ್ ಅಡಿಗೆರೆ ಸೇವ್ ಸಮಚಿಹ್ನೆ 0’ ಎಂಬ ಒಂದು ಸಾಲು (ಅಡಿಗೆರೆ ಎಂದರೆ ಅಂಡರ್‌ಸ್ಕೋರ್; ಪವರ್‌ನಿಂದ 0ವರೆಗೆ ನಡುವೆ ಖಾಲಿ ಜಾಗ ಬೇಡ) ಬರೆದರೆ ಡ್ರೈವರ್ ನಿದ್ದೆಗೆ ಕಳಿಸುವುದನ್ನು ನಿಲ್ಲಿಸುತ್ತದೆ. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗಬಹುದು, ಅಷ್ಟೆ.

ಹಾಡಿನುದ್ದಕ್ಕೂ ಚಟಪಟ ಎಂದರೆ ಸರ್ವರ್ ಹೊತ್ತಿಗೆ ಸರಿಯಾಗಿ ಧ್ವನಿ ಒದಗಿಸಲಾಗದೆ ತಡವರಿಸುತ್ತಿದೆ. ಪೈಪ್‌ವೈರ್ ಧ್ವನಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕಳಿಸುತ್ತದೆ. ಸಾಮಾನ್ಯವಾಗಿ ಒಂದು ತುಂಡಿನಲ್ಲಿ 1024 ಮಾದರಿಗಳು (ಸ್ಯಾಂಪಲ್), ಅಂದರೆ ಧ್ವನಿಯ ಅಲೆಯನ್ನು ಅಳೆದ ಅಂಕಿಗಳು. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ ಇದು ಸುಮಾರು 21 ಮಿಲಿಸೆಕೆಂಡ್. ಹಳೆಯ ಯಂತ್ರಕ್ಕೆ ಆ ಬಿಡುವು ಸಾಲದಿದ್ದರೆ ತುಂಡನ್ನು 2048ಕ್ಕೆ ಹಿಗ್ಗಿಸಿ: ‘ಪಿಡಬ್ಲ್ಯೂ-ಮೆಟಾಡೇಟಾ’, ಅಡ್ಡಗೆರೆ ಎನ್, ‘ಸೆಟ್ಟಿಂಗ್ಸ್’, 0, ‘ಕ್ಲಾಕ್ ಡಾಟ್ ಫೋರ್ಸ್-ಕ್ವಾಂಟಮ್’, 2048. ಯಂತ್ರ ಮರುಪ್ರಾರಂಭಿಸಿದರೆ ಇದು ತಾನಾಗಿ ಅಳಿಯುತ್ತದೆ, ಹಾಗಾಗಿ ಧೈರ್ಯವಾಗಿ ಪ್ರಯತ್ನಿಸಬಹುದು. ‘ಪಿಡಬ್ಲ್ಯೂ-ಟಾಪ್’ ತೆರೆದಿಟ್ಟು ‘ಇಆರ್‌ಆರ್’ ಕಂಬದ ಸಂಖ್ಯೆ ಏರುವುದು ನಿಂತಿತೇ ನೋಡಿ.

ತಾಳಮದ್ದಳೆಗೆ ಆಂಪ್ಲಿಫೈಯರ್ ಜೋಡಿಸಿದರೆ ‘ಗುಂಯ್’ ಎಂಬ ಸದ್ದು. ಲಿನಕ್ಸ್ ಕಾರಣವೇ?

ಅಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಅದು ಮನೆಯ ವಿದ್ಯುತ್ತಿನ 50 ಹರ್ಟ್ಸ್ ಕಂಪನ. ಎರಡು ಯಂತ್ರಗಳ ನೆಲತಂತಿಗಳ ನಡುವೆ ಸುತ್ತು ಹಾಕುತ್ತಿದೆ. ಎರಡನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಹಾಕಿ. ಆದರೂ ಬಂದರೆ ನಡುವೆ ಒಂದು ಗ್ರೌಂಡ್ ಲೂಪ್ ಐಸೊಲೇಟರ್ ಸೇರಿಸಿ. ಅರ್ಥಿಂಗ್ ಪಿನ್ ಮುರಿದು ಸದ್ದು ನಿಲ್ಲಿಸುವ ರೂಢಿ ಕೆಲವು ಕಡೆ ಇದೆ. ಮಳೆಗಾಲದ ಒದ್ದೆ ನೆಲದಲ್ಲಿ ಅದು ಜೀವ ತೆಗೆಯಬಲ್ಲದು. ಮಾಡಲೇಬೇಡಿ.

ಮೈಕ್ ಕೆಲಸ ಮಾಡುತ್ತಿಲ್ಲ.

ಕೀಲಿಮಣೆಯಲ್ಲಿ ಮೈಕ್ ಮುಚ್ಚುವ ಕೀಲಿ ಇದೆಯೇ, ಅದರ ದೀಪ ಹತ್ತಿದೆಯೇ ನೋಡಿ. ಬ್ರೌಸರ್ ಅನುಮತಿ ಕೇಳಿದಾಗ ಹಿಂದೆ ಎಂದೋ ‘ಬೇಡ’ ಎಂದಿದ್ದರೆ ಅದು ಮರೆಯುವುದಿಲ್ಲ, ವಿಳಾಸದ ಪಕ್ಕದ ಚಿಹ್ನೆ ಒತ್ತಿ ಬದಲಾಯಿಸಿ. ಆಲ್ಸಾಮಿಕ್ಸರ್‌ನಲ್ಲಿ ಎಫ್4 ಒತ್ತಿದರೆ ಧ್ವನಿ ಹಿಡಿಯುವ ಪಟ್ಟಿಗಳು ಬರುತ್ತವೆ. ‘ಕ್ಯಾಪ್ಚರ್’ ಮೇಲೆ ನಿಂತು ಸ್ಪೇಸ್ ಕೀಲಿ ಒತ್ತಿದರೆ ಅದು ಜಾರಿಯಾಗುತ್ತದೆ. ‘ಬೂಸ್ಟ್’ ಪಟ್ಟಿಯನ್ನು ಪೂರ್ತಿ ಏರಿಸಿದರೆ ‘ಸ್’ ಎಂಬ ಸದ್ದೇ ಹೆಚ್ಚಾಗುತ್ತದೆ, ಒಂದು ಮೆಟ್ಟಿಲು ಸಾಕು.

ಮೊಬೈಲಿನ ಇಯರ್‌ಫೋನ್ ಪಿನ್ನಿನಲ್ಲಿ ಮೂರು ಕಪ್ಪು ಉಂಗುರಗಳಿರುತ್ತವೆ, ಅಂದರೆ ನಾಲ್ಕು ಸಂಪರ್ಕಗಳು. ಹಸಿರು, ಗುಲಾಬಿ ಎಂದು ಎರಡು ತೂತುಗಳಿರುವ ಡೆಸ್ಕ್‌ಟಾಪಿನಲ್ಲಿ ಅದರ ಮೈಕ್ ಹೀಗೇ ನಡೆಯುವುದಿಲ್ಲ, ಎರಡಾಗಿ ಕವಲೊಡೆಯುವ ತುಂಡು ತಂತಿ ಬೇಕು.

ವಿಚಿತ್ರವಾದ ಇನ್ನೊಂದು: ಕೆಲವು ಲ್ಯಾಪ್‌ಟಾಪುಗಳಲ್ಲಿ ಮೈಕಿನ ಎಡ, ಬಲ ಅಲೆಗಳು ಒಂದಕ್ಕೊಂದು ತಲೆಕೆಳಗಾಗಿರುತ್ತವೆ. ಮೀಟಿಂಗ್ ತಂತ್ರಾಂಶ ಎರಡನ್ನೂ ಕೂಡಿಸಿದಾಗ ಅವು ಒಂದನ್ನೊಂದು ಅಳಿಸಿಬಿಡುತ್ತವೆ. ಪಟ್ಟಿ ಕುಣಿಯುತ್ತದೆ, ಆದರೆ ಆಚೆಯವರಿಗೆ ಏನೂ ಕೇಳುವುದಿಲ್ಲ. ಪಾವುಕಂಟ್ರೋಲ್‌ನಲ್ಲಿ ಎಡಬಲಗಳ ಬೀಗ ತೆಗೆದು ಒಂದನ್ನು ಸೊನ್ನೆಗೆ ಇಳಿಸಿ, ಮಾತು ಕೇಳಿಸುತ್ತದೆ.

ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟವನ್ನು ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಿಸಬಹುದೇ?

ಖಂಡಿತ ಮಾಡಬಹುದು, ಮಾಡಿ. ಭಾಗವತರ ಒಂದು ಪದ್ಯ, ಅಜ್ಜಿಯ ಒಂದು ಹಾಡು, ಹಾಲಕ್ಕಿಯವರ ಸುಗ್ಗಿಯ ಕೂಗು, ಇವುಗಳಿಗಾಗಿಯೇ ನಾನು ಈ ಧ್ವನಿ ಪದರಗಳನ್ನೆಲ್ಲ ಕಲಿತದ್ದು. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಳತೆ ಮೊದಲು. ಭಾಗವತರ ಆಲಾಪ ಕೇಳಿ ಮಟ್ಟ ಹೊಂದಿಸಿದರೆ ಚಂಡೆ ಎದ್ದ ಕೂಡಲೇ ಎಲ್ಲ ಒಡೆದುಹೋಗುತ್ತದೆ. ಒಡೆದ ಧ್ವನಿಯನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿ ಕೂಡಿಸಿ ಕೊಡಲಾರದು. ಆಟ ಶುರುವಾಗುವ ಮೊದಲಿನ ಪೀಠಿಕೆಯ ಹೊತ್ತಿಗೆ ಚಂಡೆ ಏರುದನಿಯಲ್ಲಿರುವಾಗ ಧ್ವನಿ ಮುದ್ರಿಸುವ ಆಡಾಸಿಟಿ ತಂತ್ರಾಂಶದ ಅಳತೆಪಟ್ಟಿ ಮೈನಸ್ 12 ಡೆಸಿಬೆಲ್ ಹತ್ತಿರ ಇರುವಂತೆ ಹೊಂದಿಸಿ. ಮಾತಿನ ಭಾಗ ಮೆಲ್ಲಗೆ ಕೇಳಿದರೆ ಚಿಂತೆಯಿಲ್ಲ, ಆಮೇಲೆ ಏರಿಸಬಹುದು.

ಇನ್ನು ಕಡತದ ಗಾತ್ರ. ಸೆಕೆಂಡಿಗೆ 48,000 ಮಾದರಿ, 16 ಬಿಟ್, ಎಡಬಲ ಎರಡೂ ಎಂದರೆ ಗಂಟೆಗೆ ಸುಮಾರು 690 ಮೆಗಾಬೈಟ್. ವೇವ್ ಕಡತವೊಂದು 4 ಗಿಗಾಬೈಟ್ ದಾಟಲಾರದು; ಈ ಲೆಕ್ಕದಲ್ಲಿ ಅದು ಆರು ಗಂಟೆಯ ಮೇಲೆ ಹನ್ನೆರಡು ನಿಮಿಷಕ್ಕೆ ತುಂಬುತ್ತದೆ. 24 ಬಿಟ್ ಆರಿಸಿದ್ದರೆ ನಾಲ್ಕು ಗಂಟೆ ಎಂಟು ನಿಮಿಷ. ರಾತ್ರಿ ಹತ್ತಕ್ಕೆ ಶುರುವಾದ ಆಟದ ಕೊನೆಯ ಯುದ್ಧ ಬರುವ ಹೊತ್ತಿಗೆ ಕಡತ ತುಂಬಿರುತ್ತದೆ. ನನ್ನದೇ ಒಂದು ಇಡೀ ರಾತ್ರಿಯ ಮುದ್ರಣದ ಬೆಳಗಿನ ಜಾವದ ಭಾಗ ಹೀಗೆ ಹೋಯಿತು. ಅದರ ನೋವು ಇನ್ನೂ ಇದೆ. ‘ಎರೆಕಾರ್ಡ್’ ಆದೇಶಕ್ಕೆ ‘ಮ್ಯಾಕ್ಸ್-ಫೈಲ್-ಟೈಮ್’ ಎಂಬ ಆಯ್ಕೆ ಇದೆ. ಎರಡು ಅಡ್ಡಗೆರೆ ಸೇರಿಸಿ ಅದಕ್ಕೆ 3600 ಎಂದು ಕೊಟ್ಟರೆ ಗಂಟೆಗೊಂದು ಹೊಸ ಕಡತ ಶುರುವಾಗುತ್ತದೆ. ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ. ಕೂಡಿಡುವಾಗ ಫ್ಲಾಕ್ ರೂಪಕ್ಕೆ ಬದಲಾಯಿಸಿ. ಗಾತ್ರ ಕಡಿಮೆಯಾಗುತ್ತದೆ, ಧ್ವನಿಯ ಒಂದು ಕಣವೂ ಕಳೆಯುವುದಿಲ್ಲ.

ಯಂತ್ರ ತಾನಾಗಿ ನಿದ್ದೆಗೆ ಹೋಗುವ ಆಯ್ಕೆಯನ್ನು ಆ ರಾತ್ರಿಗೆ ನಿಲ್ಲಿಸಿಡಿ. ಮತ್ತು ಕಲಾವಿದರ ಒಪ್ಪಿಗೆ ಕೇಳಿಯೇ ಮುದ್ರಿಸಿ.

ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿದೆ, ಕರೆ ಬಂದ ಕೂಡಲೇ ಧ್ವನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ.

ಇದು ದೋಷವಲ್ಲ. ಹಾಡಿಗೆ ಬಳಸುವ ಎ2ಡಿಪಿ ಎಂಬ ಕ್ರಮದಲ್ಲಿ ಮೈಕ್ ಇಲ್ಲ. ಮೈಕ್ ಬೇಕಾದಾಗ ಯಂತ್ರ ಎಚ್‌ಎಫ್‌ಪಿ ಎಂಬ ದೂರವಾಣಿ ಕ್ರಮಕ್ಕೆ ಇಳಿಯುತ್ತದೆ, ಅಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 8,000 ಅಥವಾ 16,000 ಮಾದರಿಗಳು ಮಾತ್ರ. ಹೆಡ್‌ಸೆಟ್ಟಿನಲ್ಲಿ ಕೇಳುತ್ತ ಲ್ಯಾಪ್‌ಟಾಪಿನ ಮೈಕಿನಲ್ಲಿ ಮಾತಾಡುವಂತೆ ಆರಿಸಿದರೆ ಎರಡೂ ಚೆನ್ನಾಗಿರುತ್ತದೆ.

ಅಪ್‌ಡೇಟ್ ಆದ ಮೇಲೆ ಧ್ವನಿ ಹೋಯಿತು.

ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗಿತ್ತೇ? ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಬ್ಯಾಟರಿ ಸತ್ತ ಲ್ಯಾಪ್‌ಟಾಪುಗಳಿಗೆ ಇದು ಆಗುತ್ತಲೇ ಇರುತ್ತದೆ. ಪ್ಯಾಕೇಜುಗಳು ಅರ್ಧಕ್ಕೇ ನಿಂತಿರುತ್ತವೆ. ‘ಸುಡೋ ಡಿಪಿಕೆಜಿ’, ಎರಡು ಅಡ್ಡಗೆರೆ ಸೇರಿಸಿ ‘ಕಾನ್ಫಿಗರ್’, ಅಡ್ಡಗೆರೆ ಎ ಎಂದು ಕೊಟ್ಟರೆ ಉಳಿದ ಕೆಲಸ ಮುಂದುವರಿಯುತ್ತದೆ.

ಹಾಗಲ್ಲದೆ ಹೊಸ ಕರ್ನೆಲ್ ಬಂದಿದ್ದರೆ ಹಳೆಯದು ಇನ್ನೂ ಒಳಗೇ ಇರುತ್ತದೆ. ಯಂತ್ರ ಹಚ್ಚುವಾಗ ಗ್ರಬ್ ಎಂಬ ಆರಂಭದ ಪಟ್ಟಿಯಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ಗೆ ಹೋಗಿ ಹಿಂದಿನ ಸಂಖ್ಯೆಯ ಕರ್ನೆಲ್ ಆರಿಸಿ. ಅದರಲ್ಲಿ ಧ್ವನಿ ಬಂದರೆ ಕಾರಣ ಸಿಕ್ಕಂತೆ. ವಿಂಡೋಸ್ ಕೂಡ ಇರುವ ಯಂತ್ರವಾದರೆ ಇನ್ನೊಂದು ಸಾಧ್ಯತೆ ಇದೆ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಯಂತ್ರವನ್ನು ಪೂರ್ತಿ ಆರಿಸದೆ ಕಾರ್ಡನ್ನು ಅರೆನಿದ್ದೆಯಲ್ಲಿ ಬಿಡಬಹುದು. ಶಿಫ್ಟ್ ಕೀಲಿ ಒತ್ತಿಹಿಡಿದು ‘ಶಟ್‌ಡೌನ್’ ಮಾಡಿ, ನಂತರ ಲಿನಕ್ಸ್ ತೆರೆಯಿರಿ.

ನನ್ನ ಹೆಸರನ್ನು ‘ಆಡಿಯೋ’ ಗುಂಪಿಗೆ ಸೇರಿಸಬೇಕೇ?

ಇಂದಿನ ಡೆಸ್ಕ್‌ಟಾಪುಗಳಲ್ಲಿ ಬೇಡ. ಅದೂ ಹಳೆಯ ಕಾಲದ ಸಲಹೆ.

ಕಣ್ಣು ಕಾಣದ ಬಳಕೆದಾರರಿಗೆ ಧ್ವನಿ ಹೋದರೆ ಏನು ಮಾಡುವುದು?

ಈ ಪ್ರಶ್ನೆ ನನಗೆ ಬಹಳ ಮುಖ್ಯ. ಉಳಿದವರಿಗೆ ಧ್ವನಿ ಹೋದರೆ ಹಾಡು ಹೋಯಿತು. ಪರದೆಯನ್ನು ಓದಿ ಹೇಳುವ ಆರ್ಕಾ ತಂತ್ರಾಂಶವನ್ನು ನಂಬಿದವರಿಗೆ ಇಡೀ ಕಂಪ್ಯೂಟರೇ ಹೋಯಿತು. ಪಾವುಕಂಟ್ರೋಲ್ ತೆರೆದು ನೋಡಿ ಎಂದು ಅವರಿಗೆ ಹೇಳಿದರೆ ಅದು ಸಹಾಯವಾಗುವುದಿಲ್ಲ.

ಆದ್ದರಿಂದ ಧ್ವನಿ ಸರಿಯಿರುವಾಗಲೇ ಸಿದ್ಧತೆ ಮಾಡಿಡಿ. ಸೆಟ್ಟಿಂಗ್ಸ್‌ನ ಕೀಲಿಮಣೆ ಪುಟದಲ್ಲಿ ಸ್ವಂತ ಶಾರ್ಟ್‌ಕಟ್ ಸೇರಿಸುವ ಅವಕಾಶವಿದೆ. ಒಂದು ಕೀಲಿ ಜೋಡಿಗೆ ಮೇಲೆ ಹೇಳಿದ ಸರ್ವರ್ ರಿಸ್ಟಾರ್ಟ್ ಆದೇಶವನ್ನು ಕಟ್ಟಿ. ಇನ್ನೊಂದಕ್ಕೆ ‘ಆರ್ಕಾ’, ಎರಡು ಅಡ್ಡಗೆರೆ ಸೇರಿಸಿ ‘ರಿಪ್ಲೇಸ್’ ಎಂಬುದನ್ನು ಕಟ್ಟಿ, ಆರ್ಕಾ ಹೊಸದಾಗಿ ಎದ್ದುಬರುತ್ತದೆ. ಉಬುಂಟುವಿನಲ್ಲಿ ಸೂಪರ್, ಆಲ್ಟ್, ಎಸ್ ಒತ್ತಿದರೆ ಆರ್ಕಾ ಶುರುವಾಗುವುದನ್ನೂ ಕಲಿಸಿಡಿ. ಈಸ್ಪೀಕ್ ಎನ್‌ಜಿ ಎಂಬ ಧ್ವನಿಯಂತ್ರ ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಾಂತ್ರಿಕವಾದರೂ ಅರ್ಥವಾಗುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಜೊತೆಗೆ ಒಂದು ಯೂಎಸ್‌ಬಿ ಧ್ವನಿ ಕಾರ್ಡನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಲಿ.

ಯೂಎಸ್‌ಬಿ ಧ್ವನಿ ಕಾರ್ಡ್ ಎಂದರೇನು? ಅದಕ್ಕೆ ಡ್ರೈವರ್ ಬೇಕೇ?

ಹೆಬ್ಬೆರಳಿನಷ್ಟು ದೊಡ್ಡ ತುಂಡು. ಒಂದು ತುದಿ ಯೂಎಸ್‌ಬಿ ತೂತಿಗೆ, ಇನ್ನೊಂದರಲ್ಲಿ ಇಯರ್‌ಫೋನ್ ಜ್ಯಾಕ್. ಹೆಚ್ಚಿನವು ಯೂಎಸ್‌ಬಿಯ ಸಾಮಾನ್ಯ ಧ್ವನಿ ನಿಯಮ ಪಾಲಿಸುವುದರಿಂದ ಕರ್ನೆಲ್‌ನಲ್ಲಿ ಮೊದಲೇ ಇರುವ ಡ್ರೈವರಿನಿಂದ ಚುಚ್ಚಿದ ಕೂಡಲೇ ನಡೆಯುತ್ತವೆ. ಸಮುದ್ರದ ಹತ್ತಿರ ಇರುವವರಿಗೆ ನಾನು ಹೊಸ ಯಂತ್ರದಲ್ಲೂ ಇದನ್ನೇ ಬಳಸಲು ಹೇಳುತ್ತೇನೆ. ಕಿಲುಬು ಹಿಡಿದರೆ ಈ ತುಂಡನ್ನು ಬದಲಾಯಿಸಿದರಾಯಿತು, ಲ್ಯಾಪ್‌ಟಾಪಿನ ಜ್ಯಾಕ್ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಲ್ಯಾಪ್‌ಟಾಪಿನ ಖಾಲಿ ಜ್ಯಾಕಿಗೆ ರಬ್ಬರಿನ ಮುಚ್ಚಳ ಹಾಕಿಡಿ.

ಇಷ್ಟೆಲ್ಲ ಮಾಡಿದರೂ ಆಗಲಿಲ್ಲ. ಸಹಾಯ ಕೇಳುವಾಗ ಏನು ತಿಳಿಸಬೇಕು?

‘ಸೌಂಡ್ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಯಾರಿಗೂ ಉತ್ತರಿಸಲು ಆಗುವುದಿಲ್ಲ. ಲ್ಯಾಪ್‌ಟಾಪಿನ ಪೂರ್ತಿ ಮಾದರಿ ಹೆಸರು, ಯಾವ ಲಿನಕ್ಸ್, ಎಷ್ಟನೇ ಆವೃತ್ತಿ, ‘ಯುನೇಮ್’ ಅಡ್ಡಗೆರೆ ಆರ್ ಕೊಟ್ಟಾಗ ಬರುವ ಕರ್ನೆಲ್ ಸಂಖ್ಯೆ, ಎಪ್ಲೇ ಆದೇಶದ ಉತ್ತರ, ಇವನ್ನು ಕಳಿಸಿ. ಎಲ್ಲಿಯವರೆಗೆ ಒದ್ದೆ ಇತ್ತು ಎನ್ನುವುದನ್ನು ತಪ್ಪದೆ ಹೇಳಿ: ಪ್ಲೇಬ್ಯಾಕ್ ಪಟ್ಟಿ ಕುಣಿಯಿತೇ, ಔಟ್‌ಪುಟ್ ಪಟ್ಟಿ ಕುಣಿಯಿತೇ, ಇಯರ್‌ಫೋನಿನಲ್ಲಿ ಕೇಳಿತೇ. ‘ಆಲ್ಸಾ-ಇನ್ಫೋ’ ಎಂಬ ಸ್ಕ್ರಿಪ್ಟ್ ಯಂತ್ರದ ಧ್ವನಿ ವಿವರಗಳನ್ನೆಲ್ಲ ಒಂದೇ ಕಡತಕ್ಕೆ ಸೇರಿಸಿಕೊಡುತ್ತದೆ. ಅಂತರ್ಜಾಲಕ್ಕೆ ಏರಿಸಲೇ ಎಂದು ಅದು ಕೇಳಿದಾಗ ಬೇಡವೆನ್ನಬಹುದು, ಕಡತವನ್ನು ಒಮ್ಮೆ ಓದಿ ನೀವೇ ಕಳಿಸಬಹುದು. ನನಗೆ ಕರೆ ಮಾಡುವವರು ಯಂತ್ರವನ್ನು ಎದುರಿಗೆ ಇಟ್ಟುಕೊಂಡು, ಚಾರ್ಜರ್ ಹಾಕಿಕೊಂಡು ಮಾಡಿ.